ಬೀಸುವ ಕಲ್ಲಿನ ನಿದ್ದೆ

ನಾನು ರಾತ್ರಿ ಎಂಟು ಗಂಟೆಗೆ ಮಲಗಬೇಕೆಂದು ಅಪ್ಪ ಹುಕುಂ ಹೊರಡಿಸಿದಾಗ ನಮ್ಮ ಮನೆಯಲ್ಲಿ ಗಡಿಯಾರವೇ ಇರಲಿಲ್ಲ. ಗಡಿಯಾರ ಇಲ್ಲವೆಂದು ಹುಕುಂ ನಿಲ್ಲುತ್ತದೆಯೇ? ಮಸೀದಿಯಲ್ಲಿ ರಾತ್ರಿಯ ಬಾಂಗು ಕೇಳಿಸಿದರೆ ಎಂಟಾಯಿತು ಎಂದು ಅಪ್ಪನೇ ತೀರ್ಮಾನ ಮಾಡಿದ. ಬಾಂಗು ಕೇಳಿ ನಮ್ಮ ಓಣಿಯ ಮುಸಲ್ಮಾನ ಹಿರಿಯರೆಲ್ಲ ನಮಾಜಿಗೆ ಏಳುತ್ತಿದ್ದರು, ನಾನೊಬ್ಬಳು ಹಾಸಿಗೆಗೆ ಓಡುತ್ತಿದ್ದೆ.

ಅಪ್ಪ ರಾಯಚೂರಿನ ಒಂದು ಕಚೇರಿಯಲ್ಲಿ ಚಪರಾಸಿ. ನಿಜಾಮರ ಕಾಲ, ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆದಿದ್ದ ವರ್ಷಗಳು. ದೇವದುರ್ಗದ ಕಡೆಯ ಮಸರಕಲ್ಲು ಎಂಬ ಹಳ್ಳಿಯಲ್ಲಿ ಕೂಲಿ ಮಾಡುತ್ತಿದ್ದ ನಮ್ಮ ಮನೆತನದಲ್ಲಿ ಕಚೇರಿಯ ಮೆಟ್ಟಿಲು ಹತ್ತಿದವರಲ್ಲಿ ಅವನೇ ಮೊದಲಿಗ. ಕಾಗದದ ಗಂಟು ಹೊತ್ತುಕೊಂಡು ಹತ್ತಿದ ಎನ್ನುವುದು ಬೇರೆ ಮಾತು. ಇಳಿಯುವಾಗಲೂ ಅವನು ಬರಿಗೈಯಲ್ಲಿ ಇಳಿಯುತ್ತಿರಲಿಲ್ಲ. ಸಾಹೇಬರ ಮನೆಯ ಯಾವುದಾದರೊಂದು ಪದ್ಧತಿಯನ್ನು ಹೊತ್ತು ತರುತ್ತಿದ್ದ. ಸಾಹೇಬರು ಹೈದರಾಬಾದಿನವರು. ಶಾಲೆಗೆ ಹೋಗುವ ಅವರ ಮಕ್ಕಳು ಎಂಟಕ್ಕೆ ಸೊಳ್ಳೆ ಪರದೆಯೊಳಗೆ ಹೋಗಿ, ಬೆಳಗಾಗುವ ತನಕ ಮಿಸುಕದೆ ಮಲಗುತ್ತಾರಂತೆ. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಕೆಮ್ಮುವಂತಿಲ್ಲವಂತೆ. ಅದಕ್ಕೇ ಆ ಮಕ್ಕಳ ತಲೆ ಚುರುಕಂತೆ. ಮಿರಗದ, ಅಂದರೆ ಮೃಗಶಿರದ, ಮಳೆ ಬಿದ್ದ ವಾರ ನನ್ನನ್ನು ಶಾಲೆಗೆ ಹಾಕಿದಾಗ ಈ ಕಾನೂನೂ ನನ್ನ ಜೊತೆಗೇ ದಾಖಲಾಯಿತು.

ಪರದೆಯ ಬದಲು ಅವ್ವನ ಹಳೆಯ ಸೀರೆಯೊಂದನ್ನು ಅಪ್ಪ ನಾಲ್ಕು ಮೊಳೆಗೆ ಕಟ್ಟಿದ. ರಾಯಚೂರಿನ ಸೆಕೆಯಲ್ಲಿ ಆ ಸೀರೆಯ ಒಳಗೆ ಮಲಗಿದ್ದು ಎರಡೇ ರಾತ್ರಿ. ಮೂರನೆಯ ದಿನ ಮೈಯೆಲ್ಲ ಬೆವರುಸಾಲೆ ಎದ್ದು ಸೀರೆ ಇಳಿಯಿತು. ಮೌನದ ಕಾನೂನು ಮಾತ್ರ ಉಳಿಯಿತು. ಬಾಂಗು ಆದ ಮೇಲೆ ಪಾತ್ರೆ ಸದ್ದು ಮಾಡಬಾರದು, ಪಕ್ಕದ ಮನೆಯವರ ಜೊತೆ ಗೋಡೆಯ ಮೇಲಿಂದ ಮಾತಾಡಬಾರದು. ಇಷ್ಟನ್ನೂ ಕಟ್ಟುನಿಟ್ಟಾಗಿ ಹೇಳಿ ಅಪ್ಪ ಅಂಗಾತ ಮಲಗಿ, ತೊಲೆ ಅಲುಗುವಂತೆ ಗೊರಕೆ ಹೊಡೆಯುತ್ತಿದ್ದ. ಅವನ ಗೊರಕೆಗೆ ಕಾನೂನು ಅನ್ವಯಿಸುತ್ತದೆಯೇ ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಈ ಕಾನೂನಿನ ಕೈಗೆ ಸಿಕ್ಕ ನಿಜವಾದ ಅಪರಾಧಿ ಎಂದರೆ ನಮ್ಮ ಬೀಸುವ ಕಲ್ಲು. ಮೊದಲ ಕೋಳಿ ಕೂಗಿದಾಗ ಅವ್ವ ಎದ್ದು, ಒಂದು ಕಾಲು ಚಾಚಿ, ಇನ್ನೊಂದನ್ನು ಮಡಚಿಕೊಂಡು ಕಲ್ಲಿನ ಮುಂದೆ ಕೂಡುತ್ತಿದ್ದಳು. ಅವಳು ಎದ್ದದ್ದು ತಿಳಿದ ಕೂಡಲೇ ನಾನೂ ಕಣ್ಣು ಮುಚ್ಚಿಕೊಂಡೇ ತಡವರಿಸುತ್ತ ಹೋಗಿ ಅವಳ ಚಾಚಿದ ತೊಡೆಯ ಮೇಲೆ ತಲೆ ಇಟ್ಟು ಮಲಗುತ್ತಿದ್ದೆ. ಕಲ್ಲು ತಿರುಗಿದಂತೆ ಅವ್ವನ ಮೈ ಹಿಂದೆ ಮುಂದೆ ತೂಗುತ್ತಿತ್ತು, ಅವಳ ಜೊತೆ ನಾನೂ ತೂಗುತ್ತಿದ್ದೆ. ಜೋಳದ ಹಿಟ್ಟು ನನ್ನ ಹುಬ್ಬಿನ ಮೇಲೆಲ್ಲ ಕೂಡುತ್ತಿತ್ತು. ಅವ್ವ ಹಾಡುತ್ತಲೂ ಇದ್ದಳು. ಹಾಡು ಅವಳೇ ಕಟ್ಟಿದ್ದು, ಅದರ ತುಂಬ ಅತ್ತೆಯ ಮೇಲಿನ ದೂರು. ಆ ಅತ್ತೆ, ಅಂದರೆ ನನ್ನ ಅಜ್ಜಿ, ಅಲ್ಲೇ ಮೂಲೆಯಲ್ಲಿ ಕೌದಿ ಹೊದ್ದು ಎಲ್ಲವನ್ನೂ ಕೇಳಿಸಿಕೊಂಡು, ಸೊಸೆಗೆ ಕಂಠ ಚಲೋ ಇದೆ ಎಂದು ಓಣಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದಳು. ನನ್ನ ಪಾಲಿಗೆ ನಿದ್ದೆ ಎಂದರೆ ಅದು. ರಾತ್ರಿಯದು ಸುಮ್ಮನೆ ಮಲಗುವುದು, ಅಷ್ಟೇ.

ಅದೇ ಸಮಯಕ್ಕೆ ಊರಿನಲ್ಲಿ ಹೊಸದಾಗಿ ಹಿಟ್ಟಿನ ಗಿರಣಿಯೊಂದು ಶುರುವಾಗಿತ್ತು. ಅಪ್ಪನಿಗೆ ಅದು ದೇವರೇ ಕಳಿಸಿದಂತೆ ಕಂಡಿತು. ಇನ್ನು ಮೇಲೆ ಜೋಳ ಗಿರಣಿಗೆ, ಮಗಳ ನಿದ್ದೆಗೆ ತೊಂದರೆ ಇಲ್ಲ ಎಂದ. ಅಜ್ಜಿ ಹೌಹಾರಿದಳು. ಮೊದಲ ಕೋಳಿಗೆ ಕಲ್ಲಿನ ಸದ್ದು ಕೇಳದ ಮನೆಗೆ ಲಕ್ಷ್ಮಿ ಬರುತ್ತಾಳೆಯೇ ಎಂದು ಕೇಳಿದಳು. ಕೇಳುವ ಹೊತ್ತಿಗೆ ಅಪ್ಪ ಕಲ್ಲನ್ನು ಹಿತ್ತಲ ಗೋಡೆಗೆ ಒರಗಿಸಿ ಆಗಿತ್ತು.

ಮರುದಿನ ಬೆಳಗಿನ ಬಿಸಿಲು ಅಂಗಳಕ್ಕೆ ಬಿದ್ದರೂ ಅವ್ವ ಏಳಲಿಲ್ಲ. ಬಾಯಿ ಸ್ವಲ್ಪ ತೆರೆದು, ಒಂದು ಕೈ ತಲೆಯ ಕೆಳಗೆ ಇಟ್ಟುಕೊಂಡು ಮಲಗಿದ್ದಳು. ಅಪ್ಪ ಹೆದರಿ ಹಣೆ ಮುಟ್ಟಿ ನೋಡಿದ. ಅಜ್ಜಿ ತಲೆಯ ಹತ್ತಿರ ನಿಂತು, ನಡೆಯಬಾರದ್ದನ್ನು ಕಂಡವರ ಹಾಗೆ ಕೈ ಬಾಯಿಗೆ ಇಟ್ಟುಕೊಂಡಿದ್ದಳು. ಅವ್ವ ನಿದ್ದೆ ಮಾಡುವುದನ್ನು ನಾನು ನೋಡಿದ್ದು ಅದೇ ಮೊದಲು. ಅದಕ್ಕೆ ಮುಂಚೆ ನಾನು ಕಣ್ಣು ಮುಚ್ಚುವಾಗಲೂ ತೆರೆಯುವಾಗಲೂ ಆಕೆ ಎದ್ದೇ ಇರುತ್ತಿದ್ದಳು.

ನನಗೆ ಮಾತ್ರ ನಿದ್ದೆ ಹೋಯಿತು. ಮೊದಲ ಕೋಳಿಗೆ ಎಚ್ಚರವಾಗುತ್ತಿತ್ತು, ಕಲ್ಲಿನ ಸದ್ದಿಗೆ ಕಾಯುತ್ತಿದ್ದೆ, ಸದ್ದು ಬರುತ್ತಿರಲಿಲ್ಲ. ಅಪ್ಪನ ಗೊರಕೆ ಇತ್ತಲ್ಲ ಎಂದರೆ, ಗೊರಕೆಗೆ ತೊಡೆಯೆಲ್ಲಿದೆ? ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಮಲಗಿರುತ್ತಿದ್ದೆ. ಯಾರಿಗೂ ಹೇಳಲಿಲ್ಲ, ಎಂಟಕ್ಕೆ ಮಲಗಿದವಳಿಗೆ ನಿದ್ದೆ ಬರಲಿಲ್ಲ ಎಂದರೆ ಅಪ್ಪನ ಸಾಹೇಬರಿಗೇ ಅವಮಾನ ಮಾಡಿದಂತೆ.

ಇನ್ನು ಶಾಲೆ. ನಮಗೆ ಪಾಠ ಹೇಳುವವರು ಉಸ್ತಾನಿಯವರು; ಹೆಂಗಸು ಮಾಸ್ತರರನ್ನು ಆಗ ನಮ್ಮಲ್ಲಿ ಹಾಗೆ ಕರೆಯುತ್ತಿದ್ದರು. ಅವರು ದಖ್ಖನಿ ಉರ್ದುವಿನಲ್ಲಿ ಬೈದು ಕನ್ನಡದಲ್ಲಿ ಮುದ್ದು ಮಾಡುತ್ತಿದ್ದರು. ನನಗೆ ಶಾಲೆ ಬೇಕಾಗಿತ್ತು. ಪಾಟಿಯ ವಾಸನೆ ಬೇಕಾಗಿತ್ತು, ಬಳಪ ಕಿರ್ ಎನ್ನುವುದು ಬೇಕಾಗಿತ್ತು, ನಾನು ಬರೆದ ಅಕ್ಷರದ ಕೆಳಗೆ ಉಸ್ತಾನಿಯವರು ಹಾಕುವ ಗೀಟು ಬೇಕಾಗಿತ್ತು. ಆದರೆ ಆ ಹಿಟ್ಟಿನ ಗಿರಣಿ ಇದ್ದದ್ದು ಎಲ್ಲಿ ಎನ್ನುತ್ತೀರಿ? ನಮ್ಮ ಶಾಲೆಯ ಮೋಟುಗೋಡೆಯ ಆಚೆಗೇ! ಬೆಳಗಿನಿಂದ ಕಾಳು ಕೂಡಿಹಾಕಿ, ಮಧ್ಯಾಹ್ನದ ಹೊತ್ತಿಗೆ ಗಿರಣಿ ಚಾಲೂ ಮಾಡುತ್ತಿದ್ದರು. ಕಲ್ಲು ಗರಗರ ತಿರುಗಲು ಶುರುವಾದರೆ ನೆಲ ಸಣ್ಣಗೆ ಅದುರುತ್ತಿತ್ತು, ಹಿಟ್ಟಿನ ಬಿಸಿ ವಾಸನೆ ಕಿಟಕಿಯಿಂದ ಬರುತ್ತಿತ್ತು. ನನ್ನ ತಲೆ ಪಾಟಿಯ ಮೇಲೆ ಬೀಳುತ್ತಿತ್ತು. ಒಂದು ದಿನ ಬರೆದ ಅಕ್ಷರವೆಲ್ಲ ಕೆನ್ನೆಗೆ ಹತ್ತಿಕೊಂಡು, ಕಲಿತದ್ದನ್ನು ಮುಖದ ಮೇಲೆಯೇ ಹೊತ್ತು ಮನೆಗೆ ಬಂದೆ.

ಮೊದಲ ದೂರು ಪಕ್ಕದ ಮನೆಯ ಹುಡುಗಿಯ ಬಾಯಲ್ಲಿ ಬಂತು. ಎರಡನೆಯದನ್ನು ಉಸ್ತಾನಿಯವರೇ ಬಜಾರಿನಲ್ಲಿ ಅಪ್ಪನನ್ನು ನಿಲ್ಲಿಸಿ ಹೇಳಿದರು. ಅಪ್ಪ ಮನೆಗೆ ಬಂದು ಎಂಟು ಗಂಟೆಯನ್ನು ಏಳಕ್ಕೆ, ಅಂದರೆ ಸಂಜೆಯ ಬಾಂಗಿಗೆ, ಇಳಿಸಿದ. ಅಜ್ಜಿ ಎಲೆಯಡಿಕೆ ಜಗಿಯುತ್ತ, “ಚಿಂತಿ ಇಲ್ಲದಾಕಿಗಿ ಸಂತ್ಯಾಗೂ ನಿದ್ದಿ” ಎಂದಳು. ಅಷ್ಟಕ್ಕೇ ಬಿಡಲಿಲ್ಲ. ಮಸರಕಲ್ಲಿನಲ್ಲಿ ನನ್ನ ದೊಡ್ಡಪ್ಪನ ಮನೆಯಲ್ಲಿ ಹೊಸ ಕೂಸು ಹುಟ್ಟಿತ್ತು. ದೊಡ್ಡವ್ವ ಹೊಲಕ್ಕೆ ಹೋದರೆ ಕೂಸನ್ನು ತೂಗುವುದಕ್ಕೆ ಒಂದು ಕೈ ಬೇಕಾಗಿತ್ತು. ಆ ಕೈ ನನ್ನದೇ ಎಂದು ಅಜ್ಜಿ ಎಂದೋ ಗುರುತು ಹಾಕಿ ಇಟ್ಟಿದ್ದಳು.

“ಇನ್ನೊಂದು ಸಲ ಸಾಲ್ಯಾಗ ತೂಕಡಿಸಿದ್ಲು ಅಂತ ಮಾತು ಬಂದ್ರ, ಅಮಾಸಿ ಆದಮ್ಯಾಲ ಬರೋ ಬಂಡ್ಯಾಗ ಇಕಿನ್ನ ಕರ್ಕೊಂಡು ಹೋಗಾಕಿ ನಾ. ಸಾಲಿ ಗೀಲಿ ಎಲ್ಲಾ ಮುಗೀತು.”

ಅಪ್ಪ ಕಚೇರಿಯಲ್ಲಿ ಸಾಹೇಬರ ಮುಂದೆ ನಿಲ್ಲುವ ಹಾಗೆ ತನ್ನ ತಾಯಿಯ ಮುಂದೆ ನಿಂತಿದ್ದ. ಆಗಲಿ ಎಂದ. ಅಜ್ಜಿ ಅವತ್ತೇ ನನ್ನ ಎರಡು ಲಂಗ, ಒಂದು ಕುಪ್ಪಸ ಮಡಚಿ ಗಂಟು ಕಟ್ಟಿ ಮೂಲೆಯಲ್ಲಿ ಇಟ್ಟಳು. ನೋಡಿ ನನ್ನ ಹಣೆಬರಹ: ಶಾಲೆಯಲ್ಲಿ ನಿದ್ದೆ ಮಾಡಿದ ತಪ್ಪಿಗೆ, ಇನ್ನೊಬ್ಬರ ಕೂಸಿಗೆ ನಿದ್ದೆ ಮಾಡಿಸುವ ಶಿಕ್ಷೆ. ಆಗ ನಗು ಬಂದಿರಲಿಲ್ಲ. ಆ ಗಂಟು ಕಣ್ಣಿಗೆ ಬೀಳದಂತೆ ಗೋಡೆಯ ಕಡೆ ಹೊರಳಿ ಮಲಗುತ್ತಿದ್ದೆ. ರಾತ್ರಿ ನಿದ್ದೆ ಮಾಡಲೇಬೇಕು, ಮಾಡಲೇಬೇಕು ಎಂದು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೆ. ಹಾಗೆ ಮುಚ್ಚಿಕೊಂಡವರಿಗೆ ನಿದ್ದೆ ಬಂದದ್ದನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಅಮಾವಾಸ್ಯೆಗೆ ಇನ್ನು ನಾಲ್ಕು ದಿನ ಇತ್ತು. ಮಧ್ಯಾಹ್ನ ಗಿರಣಿ ಶುರುವಾಯಿತು, ನನ್ನ ತಲೆ ಬಿತ್ತು. ಯಾರೋ ನೋಡುತ್ತಿದ್ದಾರೆ ಅನ್ನಿಸಿ ಕಣ್ಣು ತೆರೆದರೆ, ಮೋಟುಗೋಡೆಯ ಆಚೆ ಅವ್ವ ನಿಂತಿದ್ದಳು. ಸೊಂಟದ ಮೇಲೆ ಖಾಲಿ ಬುಟ್ಟಿ. ನಮ್ಮ ಜೋಳವನ್ನು ಗಿರಣಿಗೆ ಸುರಿದು, ಹಿಟ್ಟು ಬರುವ ತನಕ ಮಗಳು ಓದುವ ಚೆಂದ ನೋಡೋಣವೆಂದು ಬಂದಿದ್ದಳು. ನಮ್ಮ ಮನೆಯ ಜೋಳವೇ ಒಳಗೆ ತಿರುಗಿ ನನ್ನನ್ನು ಮಲಗಿಸುತ್ತಿತ್ತು. ಅವ್ವ ಬೈಯಲಿಲ್ಲ, ಕೈ ಮಾಡಿ ಎಬ್ಬಿಸಲಿಲ್ಲ. ಒಮ್ಮೆ ಗಿರಣಿಯ ಕಡೆ ನೋಡಿದಳು, ಒಮ್ಮೆ ನನ್ನ ಕಡೆ ನೋಡಿದಳು, ಹೋದಳು.

ಅವತ್ತು ಸಂಜೆ ರೊಟ್ಟಿ ಎಲ್ಲಾ ಬಿರಿದವು. ಒಂದೂ ದುಂಡಗೆ ಬರಲಿಲ್ಲ; ತಟ್ಟುವಾಗಲೇ ಅಂಚು ಒಡೆಯಿತು, ಹಂಚಿನ ಮೇಲೆ ಮೂರು ತುಂಡಾಯಿತು. ಅಪ್ಪ ತಟ್ಟೆಯಲ್ಲಿನ ಚೂರುಗಳನ್ನು ಜೋಡಿಸಿ ನೋಡಿ, ಇದೇನು ಎಂದು ಕೇಳಿದ. ಗಿರಣಿಯ ಕಲ್ಲು ಈಗೀಗ ಬಹಳ ಕಾದು ಹಿಟ್ಟು ಸುಟ್ಟಿರುತ್ತದೆ, ಅದಕ್ಕೆ ಜಿಗುಟಿಲ್ಲ, ರೊಟ್ಟಿ ನಿಲ್ಲುವುದಿಲ್ಲ ಎಂದು ಅವ್ವ ತಲೆ ಎತ್ತದೆ ಹೇಳಿದಳು. ನಾ ಮೊದಲೇ ಹೇಳಿದ್ದೆ, ನನ್ನ ಮಾತು ಯಾರು ಕೇಳುತ್ತೀರಿ ಎಂದು ಅಜ್ಜಿ ಎಲ್ಲರ ಮುಖ ನೋಡಿದಳು. ಸಾಹೇಬರ ಕಾನೂನು ದೊಡ್ಡದು ನಿಜ, ಆದರೆ ರೊಟ್ಟಿಗಿಂತ ದೊಡ್ಡದಲ್ಲ. ಅಪ್ಪ ಎದ್ದು ಹೋಗಿ ಹಿತ್ತಲಿನಿಂದ ಬೀಸುವ ಕಲ್ಲನ್ನು ಒಳಗೆ ತಂದ.

ಮರುದಿನ ಮೊದಲ ಕೋಳಿಗೆ ಕಲ್ಲು ಗರ್ ಎಂದಿತು. ನಾನು ತಡವರಿಸುತ್ತ ಹೋಗಿ ಅವ್ವನ ತೊಡೆಯ ಮೇಲೆ ಬಿದ್ದೆ. ಆಮೇಲೆ ಏನಾಯಿತೋ ನನಗೆ ಗೊತ್ತಿಲ್ಲ. ಬಿಸಿಲು ಬಂದ ಮೇಲೆ ಹುಬ್ಬಿನ ಹಿಟ್ಟು ಒರೆಸಿಕೊಂಡು ಎದ್ದೆ. ಅವತ್ತು ಮಧ್ಯಾಹ್ನ ಗಿರಣಿ ಎಷ್ಟು ಹೊಡೆದುಕೊಂಡರೂ ನನ್ನ ಕಣ್ಣು ಪಾಟಿಯ ಮೇಲೆಯೇ ಇತ್ತು. ಅಮಾವಾಸ್ಯೆ ಬಂತು, ಬಂಡಿಯೂ ಬಂತು. ಮೂರನೆಯ ದೂರು ಮಾತ್ರ ಬರಲಿಲ್ಲ. ಅಜ್ಜಿ ಬಂಡಿ ಹತ್ತುವ ಮೊದಲು ಗೊಣಗುತ್ತಲೇ ನನ್ನ ಗಂಟು ಬಿಚ್ಚಿದಳು.

ಕೀರ್ತಿಗೆ ಏನೂ ಕೊರತೆಯಾಗಲಿಲ್ಲ. ಎಲ್ಲ ಎಂಟು ಗಂಟೆಯ ಪದ್ಧತಿಯ ಫಲ ಎಂದು ಅಪ್ಪ ಕಚೇರಿಯಲ್ಲಿ ಹೇಳಿಕೊಂಡ. ತನ್ನ ಬೆದರಿಕೆಯ ಫಲ ಎಂದು ಅಜ್ಜಿ ಮಸರಕಲ್ಲಿನಲ್ಲಿ ಹೇಳಿಕೊಂಡಳು. ತಮ್ಮ ದಖ್ಖನಿ ಬೈಗುಳದ ಫಲ ಎಂದು ಉಸ್ತಾನಿಯವರು ತಿಳಿದಿದ್ದರು. ಅವ್ವ ಹಿಟ್ಟು ಬೀಸಿದಳು, ನಾನು ಓದಿದೆ, ಹೀಗೆ ವರ್ಷಗಳು ಹೋದವು.

ಮುಂದೆ ನಾನೇ ಉಸ್ತಾನಿಯಾದೆ. ಮೊದಲು ದೇವದುರ್ಗದಲ್ಲಿ, ಆಮೇಲೆ ಮಾನ್ವಿಯಲ್ಲಿ. ಅಷ್ಟರಲ್ಲಿ ನಿಜಾಮರೂ ಹೋಗಿದ್ದರು, ಉಸ್ತಾನಿ ಎಂಬ ಹೆಸರೂ ಹೋಗಿತ್ತು. ಮಾನ್ವಿಯ ಬಾಡಿಗೆ ಮನೆಗೆ ಅವ್ವ ಬಂದು ಇದ್ದಾಗ, ಮೊದಲ ಕೋಳಿಗೆ ಎದ್ದು ಕತ್ತಲಲ್ಲಿ ಒಂದು ಕಾಲು ಚಾಚಿ ಸುಮ್ಮನೆ ಕೂತಿರುತ್ತಿದ್ದಳು. ನಮ್ಮ ಮನೆಯಲ್ಲಿ ಬೀಸುವ ಕಲ್ಲೇ ಇರಲಿಲ್ಲ. ನನಗೆ ರೇಗುತ್ತಿತ್ತು. ಮಾಡುವ ಕೆಲಸವಾದರೂ ಏನಿದೆ, ಮಲಗಬಾರದೇ ಎಂದು ದಿನಾ ಬೈಯುತ್ತಿದ್ದೆ. ನಿದ್ದೆಯ ವಿಷಯದಲ್ಲಿ ನಾನಾಗ ಊರಿಗೇ ದೊಡ್ಡ ಪಂಡಿತೆ. ಮಕ್ಕಳನ್ನು ಹೊಸದಾಗಿ ಶಾಲೆಗೆ ಹಾಕಲು ಬಂದ ತಾಯಂದಿರನ್ನು ಕೂಡಿಸಿಕೊಂಡು, ಎಂಟಕ್ಕೆ ಮಲಗಿಸಿರಿ, ಸದ್ದು ಮಾಡಬೇಡಿರಿ ಎಂದು ಅಪ್ಪನ ಕಾನೂನನ್ನೇ ಭಾಷಣ ಮಾಡುತ್ತಿದ್ದೆ.

ಅಂಥದೊಂದು ಭಾಷಣ ಮುಗಿಸಿ ಬಂದ ಸಂಜೆ ಅವ್ವ ರೊಟ್ಟಿ ತಟ್ಟುತ್ತಿದ್ದಳು. ಮಾನ್ವಿಯ ಗಿರಣಿಯದೇ ಹಿಟ್ಟು. ರೊಟ್ಟಿ ಹಂಚಿನ ಮೇಲೆ ಉಬ್ಬಿ ಕೂತಿತ್ತು, ಎಲ್ಲೂ ಒಂದು ಬಿರುಕಿಲ್ಲ. ರಾಯಚೂರಿನ ಆ ಗಿರಣಿಯೇ ಕೆಟ್ಟದ್ದು, ಇಲ್ಲಿಯ ಹಿಟ್ಟು ಎಷ್ಟು ಚಲೋ ಇದೆ ನೋಡು ಎಂದೆ. ಅವ್ವ ರೊಟ್ಟಿ ಮಗುಚಿ ಹಾಕಿ, ನೀರು ಸವರಿ, ಆಮೇಲೆ ಬಾಯಿ ಬಿಟ್ಟಳು.

“ಆ ಗಿರಣಿ ಹಿಟ್ಟೂ ಚಲೋನ ಇತ್ತು ಬಿಡಬೇ. ಅವತ್ತು ನಾ ಎಸರು ಇಟ್ಟಿದ್ದಿಲ್ಲ. ತಣ್ಣೀರಾಗ ನಾದಿದ್ದೆ.”

ಬಿಸಿನೀರಿಲ್ಲದೆ ನಾದಿದ ಜೋಳದ ಹಿಟ್ಟು ಯಾರ ಕೈಯಲ್ಲೂ ನಿಲ್ಲುವುದಿಲ್ಲ. ಇದು ಗೊತ್ತಿಲ್ಲದ ಹೆಂಗಸು ನಮ್ಮ ಸೀಮೆಯಲ್ಲಿ ಇಲ್ಲ. ಆಗ ಅಜ್ಜಿಗೆ ತಿಳಿಯಲಿಲ್ಲ, ಆಕೆ ಗೆದ್ದ ಖುಷಿಯಲ್ಲಿದ್ದಳು. ಇಷ್ಟು ವರ್ಷ ನನಗೂ ತಿಳಿಯಲಿಲ್ಲ.

ನಿನಗೆ ನಿದ್ದೆ ಬೇಕಾಗಿರಲಿಲ್ಲವೇ ಎಂದು ಕೇಳಿದೆ.

“ಬೇಕಾಗಿತ್ತು. ಆ ಒಂದು ತಿಂಗಳು ಮಲಗಿದ್ನಲ್ಲಾ, ಈಗೂ ನೆನಪದ.”

ಇಷ್ಟು ಹೇಳಿ ಮುಂದಿನ ರೊಟ್ಟಿಗೆ ಹಿಟ್ಟು ತೆಗೆದುಕೊಂಡಳು. ಮರುದಿನ ಮೊದಲ ಕೋಳಿ ಕೂಗಿದಾಗ ಅವ್ವ ಎಂದಿನಂತೆ ಎದ್ದು ಕತ್ತಲಲ್ಲಿ ಕಾಲು ಚಾಚಿ ಕೂತಳು. ನನಗೆ ಎಚ್ಚರವಾಗಿತ್ತು. ಮಲಗು ಎಂದು ಹೇಳುವ ಮುಖ ನನಗಿರಲಿಲ್ಲ.