ಅಪ್ಪನ ದನಿಗೆ ತ್ರೀ ಫೇಸ್ ಕರೆಂಟ್

ನಾನು ಹೈಸ್ಕೂಲಿನ ವಿಜ್ಞಾನ ಮಾಸ್ತರ. ಓಮ್‌ನ ನಿಯಮವನ್ನು ಹತ್ತೊಂಬತ್ತು ವರ್ಷಗಳಿಂದ ಬೋರ್ಡಿನ ಮೇಲೆ ಬರೆಯುತ್ತ ಬಂದವನು. ಅಂಥವನು ಕಳೆದ ಬೇಸಿಗೆಯಲ್ಲಿ, ಹೆಡ್‌ಫೋನಿನ ದನಿ ಜೋರಾಗಲಿ ಎಂದು ಮೂರು ದಿನ ತ್ರೀ ಫೇಸ್ ಕರೆಂಟಿಗೆ ಕಾಯುತ್ತ ಕೂತಿದ್ದೆ. ಈ ಸಂಗತಿಯನ್ನು ಶಾಲೆಯಲ್ಲಿ ಯಾರಿಗೂ ಹೇಳಿಲ್ಲ.

ಹೆಡ್‌ಫೋನು ಮನೆಗೆ ಬಂದದ್ದು ಅಪ್ಪನ ಸಲುವಾಗಿ. ಹರೆಯದಲ್ಲಿ ಅಪ್ಪ ಎರಡು ವರ್ಷ ಕೊಲ್ಹಾರದಲ್ಲಿ, ತನ್ನ ಅಕ್ಕನ ಮನೆಯಲ್ಲಿದ್ದ. ಅದು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಮೊದಲಿನ ಹಳೇ ಕೊಲ್ಹಾರ. ಅಲ್ಲಿಯ ಮೊಹರಂ ಮೇಳದಲ್ಲಿ ತಾನೂ ಕರ್ಬಲಾದ ಕತೆ ಹೇಳುವ ರಿವಾಯತ್ ಪದ ಹಾಡುತ್ತಿದ್ದೆ ಎಂದು ಅವನು ಹೇಳುತ್ತ ಬಂದಿದ್ದಾನೆ. ಅವ್ವ ಒಪ್ಪುವುದಿಲ್ಲ. ಅವಳ ತವರು ಮುದ್ದೇಬಿಹಾಳ. ಆ ಮೇಳ ಒಮ್ಮೆ ಅವರ ಓಣಿಗೆ ಬಂದಾಗ ಕಣ್ಣಾರೆ ನೋಡಿದ್ದಾಳಂತೆ.

“ಹಾಡಾವ್ರು ಮುಂದ ನಿಂತಿದ್ರು. ಇವರು ಹಿಂದ ಎಲ್ಲಾರ ಚೀಲಾ ಹಿಡಕೊಂಡು ನಿಂತಿದ್ರು,” ಎಂದು ಮನೆಗೆ ಬಂದವರಿಗೆಲ್ಲ ಚಹದ ಜೊತೆ ಇದನ್ನೂ ಕೊಡುತ್ತಾಳೆ. ಹೆಣ್ಣು ನೋಡಲು ಬಂದಾಗ ಚೀಲದ ಮನುಷ್ಯ ಇವನೇ ಎಂದು ಗುರುತು ಹಿಡಿದಳಂತೆ. ಬಂದವರು ನಗುತ್ತಾರೆ, ಅಪ್ಪನೂ ನಗುತ್ತಾನೆ. ಅವರು ಹೋದ ಮೇಲೆ ಮಾತ್ರ ಅವನ ಮುಖ ಸಣ್ಣದಾಗುತ್ತದೆ. ಒಂದು ದಿನ ನನ್ನನ್ನು ಕರೆದು ಹೇಳಿದ: “ನಾ ಹಾಡೇನಿ, ಸುಳ್ಳಲ್ಲ. ಒಮ್ಮೆರ ಆಕಿ ಕಿವಿಗೆ ನನ್ನ ದನಿ ಬೀಳಬೇಕು ನೋಡು.”

ಅದೇ ಮೇಳ ಗೊಳಸಂಗಿಯಲ್ಲಿ ಹಾಡಿದ್ದರ ಕ್ಯಾಸೆಟ್ಟೊಂದು ಕೊಲ್ಹಾರದ ಅತ್ತೆಯ ಟ್ರಂಕಿನಲ್ಲಿ ಸಿಕ್ಕಿತು. ಲ್ಯಾಪ್‌ಟಾಪಿಗೆ ಹಾಕಿಸಿ ತಂದೆ. ಅದರ ಸ್ಪೀಕರಿನಲ್ಲಿ ಮುಂದೆ ನಿಂತು ಹಾಡಿದ ಉಸ್ತಾದರ ದನಿಯೊಂದೇ ಕೇಳುತ್ತಿತ್ತು. ಹಿಮ್ಮೇಳವೆಲ್ಲ ಟೇಪಿನ ಸುಂಯ್ ಸದ್ದಿನೊಳಗೆ ಹೂತುಹೋಗಿತ್ತು. ವಿಜಯಪುರದಲ್ಲಿ ರೆಕಾರ್ಡಿಂಗ್ ಸ್ಟುಡಿಯೊ ಮುಚ್ಚುತ್ತಿದ್ದವರೊಬ್ಬರು, “ಇದ್ರಾಗ ಕೇಳ್ರಿ, ಒಂದೊಂದು ದನಿ ಬಿಡಿಸಿ ತೋರಸ್ತೈತಿ” ಎಂದು ದೊಡ್ಡದೊಂದು ಹೆಡ್‌ಫೋನು ಕೊಟ್ಟರು.

ತಂದು ಚುಚ್ಚಿದೆವು. ವಾಲ್ಯೂಮ್ ಪೂರ್ತಿ ಏರಿಸಿದರೂ ಪಕ್ಕದ ಹೊಲದಲ್ಲಿ ಯಾರೋ ಗುನುಗಿದಷ್ಟೇ ಕೇಳಿತು. ಅಪ್ಪ ಹೆಡ್‌ಫೋನು ತೆಗೆದಿಟ್ಟು ತೀರ್ಪು ಕೊಟ್ಟ: “ವೋಲ್ಟೇಜ್ ಇಲ್ಲ. ತ್ರೀ ಫೇಸ್ ಬರ್ಲಿ, ಆಮ್ಯಾಲ ಹಚ್ಚು.”

ಇಂಡಿ ಊರಿನ ಹೊರಗೆ ತೋಟದ ಮನೆಯಲ್ಲಿ ಇರುವ ನಮ್ಮಂಥವರಿಗೆ ಇದು ತೀರಾ ಸಹಜವಾದ ಮಾತು. ಪಂಪು ಏಳದಿದ್ದರೆ, ಫ್ಯಾನು ತೇಕಿದರೆ, ಮಿಕ್ಸರಿನಲ್ಲಿ ಖಾರ ನುಣ್ಣಗಾಗದಿದ್ದರೆ ನಾವು ಹೇಳುವುದು ಅದನ್ನೇ. ಲ್ಯಾಪ್‌ಟಾಪಿಗೂ ತ್ರೀ ಫೇಸಿಗೂ ಸಂಬಂಧವಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ನಿಜ ಹೇಳಬೇಕೆಂದರೆ, ಎಲ್ಲೋ ಒಂದು ಮೂಲೆಯಲ್ಲಿ ನಾನೂ ನಂಬಿದ್ದೆ. ತ್ರೀ ಫೇಸ್ ನಮಗೆ ದಿನಕ್ಕೆ ಕೆಲವೇ ತಾಸು; ಆ ವಾರ ಅದರ ಪಾಳಿ ಮಧ್ಯಾಹ್ನ. ಚಾರ್ಜರ್ ಹಚ್ಚಿಕೊಂಡು ಅಪ್ಪ ಮಗ ಇಬ್ಬರೂ ಕಾದೆವು. ತ್ರೀ ಫೇಸ್ ಬಂದ ಕೂಡಲೇ ಪಂಪು ತಾನಾಗಿ ಶುರುವಾಗಿ, ಲಿಂಬಿ ಗಿಡಗಳಿಗೆ ನೀರು ಹೋಯಿತು. ಹೆಡ್‌ಫೋನಿನ ಗುನುಗು ಮಾತ್ರ ಇದ್ದಷ್ಟೇ ಇತ್ತು.

“ತಡಿ, ವೋಲ್ಟೇಜ್ ಇನ್ನೂ ನಿಂತಿಲ್ಲ,” ಎಂದ ಅಪ್ಪ. ಹೀಗೆ ಮೂರು ದಿನ.

ನಾಲ್ಕನೆಯ ದಿನ ನಾನು ಸಿಂದಗಿಗೆ ಹೋದೆ. ಅಲ್ಲಿ ಬ್ಯಾಂಡಿನವರ ಆಂಪ್ಲಿಫೈಯರ್ ರಿಪೇರಿ ಮಾಡುವವರೊಬ್ಬರು ನನ್ನ ತ್ರೀ ಫೇಸಿನ ಕತೆ ಕೇಳಿಸಿಕೊಂಡು, ಹೆಡ್‌ಫೋನನ್ನು ತಿರುವಿ ನೋಡಿ, ಒಳಬದಿಯ ಸಣ್ಣ ಅಕ್ಷರ ಓದಿದರು.

“ಮುನ್ನೂರು ಓಮ್ ಐತ್ರಿ ಸರ. ಇದಕ್ಕ ವೋಲ್ಟೇಜ್ ಜಾಸ್ತಿ ಬೇಕು. ಲ್ಯಾಪ್‌ಟಾಪಿನ ತೂತಿನಾಗಿಂದ ಅಷ್ಟು ಬರಂಗಿಲ್ಲ. ಹಿಂದ ಚಾರ್ಜರಿಗೆ ನೀವು ಯಾವ ಕರೆಂಟರ ಕೊಡ್ರಿ, ಅಷ್ಟ.” ಆಮೇಲೆ ತಲೆ ಎತ್ತಿ ಕೇಳಿದರು, “ನೀವು ಏನ್ ಕೆಲಸಾ ಮಾಡ್ತೀರಿ?”

“ಸಾಲಿಮಾಸ್ತರ,” ಎಂದೆ. ಯಾವ ವಿಷಯ ಎಂದು ಅವರು ಕೇಳದ್ದು ನನ್ನ ಪುಣ್ಯ.

ಅವರು ಬೆಂಕಿಪೊಟ್ಟಣದಷ್ಟು ಸಣ್ಣ ಡಬ್ಬಿ ತೆಗೆದುಕೊಟ್ಟರು. ಅದನ್ನು ಲ್ಯಾಪ್‌ಟಾಪಿನ ಯುಎಸ್‌ಬಿಗೆ ಸಿಕ್ಕಿಸಬೇಕು, ಹೆಡ್‌ಫೋನನ್ನು ಅದಕ್ಕೆ ಚುಚ್ಚಬೇಕು. ಮನೆಗೆ ಬಂದು ಅಪ್ಪನಿಗೆ ವಿವರಿಸಿದೆ. “ಅಂದ್ರ ಬೂಸ್ಟರ್ ಪಂಪ್,” ಎಂದ. ನಾನು ಹತ್ತು ನಿಮಿಷ ಹೇಳಿದ್ದನ್ನು ಎರಡೇ ಮಾತಿನಲ್ಲಿ ಮುಗಿಸಿದ್ದ.

ವಾಲ್ಯೂಮ್ ಕೆಳಗಿನಿಂದ ಮೆಲ್ಲಗೆ ಏರಿಸಿದೆ. ಅರ್ಧಕ್ಕೆ ಬರುವಷ್ಟರಲ್ಲೇ ಅಪ್ಪ ಕೈ ಎತ್ತಿ ಸಾಕು ಎಂದ. ಕಣ್ಣು ಮುಚ್ಚಿದ. ಕಾಲ ಹೆಬ್ಬೆರಳು ತಾಳ ಹಾಕತೊಡಗಿತು. ಅವ್ವ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಅವಳ ಗಮನವೆಲ್ಲ ಇತ್ತಲೇ ಇತ್ತು. ಪದ ಮುಗಿಯುವ ಹೊತ್ತಿಗೆ ಅಪ್ಪನ ಹೆಬ್ಬೆರಳು ನಿಂತಿತ್ತು.

“ನಾಕು ಮಂದಿ ಒಂದ ದನೀಲೆ ಹಾಡ್ಯಾರ. ಇದ್ರಾಗ ನನ್ನದು ಯಾವುದಂತ ನನಗ ತಿಳೀವಲ್ದು,” ಎಂದ.

ನನಗೆ ಬಹಳ ಕೆಟ್ಟದೆನಿಸಿತು. ಇಷ್ಟೆಲ್ಲ ಓಡಾಡಿ, ಅವನ ಕೈಯಲ್ಲಿದ್ದ ಒಂದು ಆಸೆಯನ್ನೂ ಕಸಿದುಕೊಂಡೆನೇ ಅನ್ನಿಸಿತು. ಹೆಡ್‌ಫೋನು ಕಳಚಲು ಕೈ ಚಾಚಿದೆ. ಎರಡನೆಯ ಪದ ಅಷ್ಟರಲ್ಲಿ ಶುರುವಾಗಿತ್ತು. ಅಪ್ಪ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದ.

“ಹಿಂದಕ್ಕ ತಗೋ! ಸ್ವಲ್ಪ ಹಿಂದಕ್ಕ!”

ಹಿಂದಕ್ಕೆ ಸರಿಸಿ ಮತ್ತೆ ಹಚ್ಚಿದೆ. ಹೆಡ್‌ಫೋನಿನ ಒಂದು ಕಿವಿಯನ್ನು ಅಪ್ಪ ನನಗೂ ಕೊಟ್ಟ. ಎರಡು ನುಡಿಗಳ ನಡುವೆ, ಉಸಿರು ತೆಗೆದುಕೊಳ್ಳುವಷ್ಟು ಜಾಗದಲ್ಲಿ, ಉಸ್ತಾದರು ದನಿ ತಗ್ಗಿಸಿ ಗದರಿದ್ದರು: “ಏ ಇಂಡಿ ತಮ್ಮಾ, ತಾಳ ಬಿಡಬ್ಯಾಡೋ! ಎಲ್ಲಾರಕಿಂತ ಮೊದಲ ಓಡ್ತಿ!”

ಇಂಡಿ ಕಡೆಯವನು ಆ ಮೇಳದಲ್ಲಿ ಅಪ್ಪ ಒಬ್ಬನೇ. ಅವ್ವನೂ ಅದನ್ನು ಒಪ್ಪುತ್ತಾಳೆ, ಚೀಲದ ಕತೆಯಲ್ಲಿ ಅದೂ ಬರುತ್ತದೆ.

ಅಪ್ಪ ಎದ್ದು ಹೋಗಿ ತಾನೇ ಅವಳ ತಲೆಗೆ ಹೆಡ್‌ಫೋನು ಹಾಕಿದ, ಸೆರಗಿನ ಮೇಲೆಯೇ. ಅವಳು ಮೊರ ಕೆಳಗಿಡದೆ ಕೇಳಿದಳು. ಒಂದು ಸಲ ಕೇಳಿ, “ಮತ್ತೊಮ್ಮೆ ಹಚ್ಚಪಾ,” ಎಂದಳು. ಎರಡನೆಯ ಸಲ ಕೇಳುವಾಗ ಮೊರ ಕೆಳಗಿತ್ತು.

“ಹಾಡೀರಿ ಬಿಡ್ರಿ,” ಎಂದಳು ಅಪ್ಪನಿಗೆ. “ಚೀಲಾ ಹಿಡದಾವ್ಗ ತಾಳ ಬಿಡಬ್ಯಾಡ ಅಂತ ಯಾರ ಬೈತಾರ?”

ಅಪ್ಪ ಇಷ್ಟು ವರ್ಷ ಕಾದದ್ದು ಈ ಮಾತಿಗೆ. ಹೆಡ್‌ಫೋನನ್ನು ವಾಪಸು ತನ್ನ ತಲೆಗೆ ಹಾಕಿಕೊಂಡು ನನ್ನ ಪಕ್ಕದಲ್ಲಿ ಕೂತ.

“ಇನ್ನೊಮ್ಮೆ ಹಚ್ಚು.”

“ಮೊದಲಿಂದನ?”

“ಬ್ಯಾಡ,” ಎಂದ. “ಬೈಯೂದರಿಂದ ಹಚ್ಚು.”