ಪಟ್ಟ ಬಿಟ್ಟ ರೋಮಿನ ದೊರೆ

ನಿಜಾಮರ ಕಾಲದಲ್ಲಿ ಮಕ್ತಲಿನ ಶಾಲೆಯಲ್ಲಿ ಹಗಲೆಲ್ಲ ಉರ್ದುವಿನಲ್ಲಿ ಚರಿತ್ರೆ ಪಾಠ ಹೇಳುತ್ತಿದ್ದೆ. ಸಂಜೆ ಮನೆಗೆ ಬಂದು ಕನ್ನಡದಲ್ಲಿ ಕಾದಂಬರಿ ಬರೆಯುತ್ತಿದ್ದೆ. ಅದು ರೋಮಿನ ಒಬ್ಬ ದೊರೆಯ ಕಥೆ. ವರ್ಷಗಟ್ಟಲೆ ಆಳಿ ಬೇಸತ್ತು, ತಾನಾಗಿಯೇ ಪಟ್ಟ ಬಿಟ್ಟು, ಹುಟ್ಟಿದ ಸೀಮೆಗೆ ಹೋಗಿ ಕೋಸು ಬೆಳೆದವನು. ಪಾಠಪುಸ್ತಕದಲ್ಲಿ ಅವನಿಗೆ ಎರಡೇ ಸಾಲು. ಗಂಟಲು ಕಟ್ಟಿಕೊಂಡು ಮನೆಗೆ ಬರುತ್ತಿದ್ದ ನನಗೆ ಅಷ್ಟು ಸಾಕಾಗಿತ್ತು.

ಅವನ ಬಾಯಲ್ಲಿ ಮಾತು ಹಾಕುವುದೇ ಕಷ್ಟವಾಯಿತು. ಬಯಲಾಟದ ರಾಜನಂತೆ "ಎಲೈ ಮಂತ್ರಿಯೇ" ಅನ್ನಿಸಿದ್ದೆ. ನಾನು ಓದುವುದನ್ನು ರೊಟ್ಟಿ ಬಡಿಯುತ್ತ ಕೇಳುತ್ತಿದ್ದ ಹೆಂಡತಿ ಅಂದಳು: "ಅಷ್ಟು ದಣದ ಮನಷ್ಯಾ ಇಷ್ಟು ದೊಡ್ಡ ಮಾತು ಆಡ್ತಾನೇನ್ರಿ? ಮತ್ತ ಈ ಕೋಸು ಅಂದ್ರ ಏನು?"

"ಒಂದು ಕಾಯಿಪಲ್ಲೆ. ಎಲಿ ಮ್ಯಾಲೆ ಎಲಿ ಸುತ್ಕೊಂಡಿರತೈತಿ."

"ನಾವು ಕಂಡಿಲ್ಲ ಬಿಡ್ರಿ. ಬದನಿಕಾಯಿ ಬೆಳೀಲಿ."

ದೊರೆಯ ಮಾತು ಕಡಿಮೆ ಮಾಡಿದೆ. ಕೋಸು ಮಾತ್ರ ಉಳಿಸಿಕೊಂಡೆ.

ನಾರಾಯಣಪೇಟೆಯ ಸೀರೆ ವ್ಯಾಪಾರಿಯೊಬ್ಬರು ನನ್ನ ಗೆಳೆಯರು. ಒಂದು ರಜಾದಿನ ಅವರ ಪಡಸಾಲೆಯಲ್ಲಿ, ನಾಲ್ಕಾರು ಜನರ ಮುಂದೆ, ದೊರೆ ಪಟ್ಟ ಬಿಡುವ ಅಧ್ಯಾಯ ಓದಿದೆ. ನಿಜಾಮರ ರಾಜ್ಯ ಉಳಿಯುತ್ತದೋ ಇಲ್ಲವೋ ಎಂದು ಎಲ್ಲೆಲ್ಲೂ ಪಿಸುಮಾತು ನಡೆದಿದ್ದ ಕಾಲ. ಯಾರು ಹೇಳಿದರೋ, ಪೊಲೀಸ್ ಠಾಣೆಯ ಮೇಲಧಿಕಾರಿಯಾದ ಅಮೀನರಿಂದ ಕರೆ ಬಂತು.

"ಮಾಸ್ತರ್ ಸಾಬ್, ನಿಮ್ಮ ಕಿತಾಬಿನಾಗ ಬಾದಶಹಾ ತಖ್ತ್ ಬಿಡ್ತಾನಂತ. ಯಾವ ಬಾದಶಹಾ?"

"ರೋಮಿನವ್ರಿ. ಸತ್ತು ಸಾವಿರ ವರ್ಷದ ಮ್ಯಾಲೆ ಆತು."

"ಅವನ್ನ ಈಗ್ಯಾಕ ಬರೀತೀರಿ?"

"ನನಗ ಸಾಕಾಗೇತ್ರಿ, ಅದಕ್ಕ," ಅಂದುಬಿಟ್ಟೆ.

ಅಮೀನರು ನಗಲಿಲ್ಲ. ಟೋಪಿ ತೆಗೆದು ಮೇಜಿನ ಮೇಲಿಟ್ಟು ಹಣೆ ಒರೆಸಿಕೊಂಡರು. "ಸಾಕಾಗೋದು ಎಲ್ಲಾರಿಗೂ ಆಗೇತಿ. ಆದ್ರ ಆ ಬಾದಶಹಾ ತಖ್ತ್ ಮ್ಯಾಲೇ ಸಾಯ್ಲಿ. ಹಂಗ ಬರದು ತಂದು ಓದ್ರಿ."

ಮನೆಗೆ ಬಂದು ದೊರೆಯನ್ನು ಕೊಲ್ಲಲು ಕೂತೆ. ವಿಷ ಹಾಕಿಸಿದೆ, ಸೈನಿಕರನ್ನು ಕಳಿಸಿದೆ. ಒಂದೂ ಕೂಡಿಬರಲಿಲ್ಲ. ಕೊನೆಗೆ ಜ್ವರ ಬರಿಸಿ ಸಿಂಹಾಸನದ ಮೇಲೆಯೇ ಸಾಯಿಸಿದೆ. ಠಾಣೆಯಲ್ಲಿ ಅದನ್ನು ಉರ್ದುವಿಗೆ ತಿರುಗಿಸಿ ಓದಿ ಹೇಳಿದಾಗ ಅಮೀನರು "ಶಾಬಾಸ್" ಅಂದು ಚಹಾ ತರಿಸಿದರು. ಮೊದಲು ಬರೆದಿದ್ದ ಅಧ್ಯಾಯವನ್ನು ಹೆಂಡತಿ ಜೋಳ ತುಂಬಿಡುವ ಗುಮ್ಮಿಯೊಳಗೆ ಬಚ್ಚಿಟ್ಟಿದ್ದಳು. ಮುಂದೆ ನನಗೆ ಗದ್ವಾಲಿಗೆ ವರ್ಗವಾಯಿತು. ಅಲ್ಲಿಗೆ ಹೋದಮೇಲೆ ನಾನು ಯಾರಿಗೂ ಏನೂ ಓದಿ ಹೇಳಲಿಲ್ಲ.

ನಿಜಾಮರ ಆಳ್ವಿಕೆ ಹೋದಮೇಲೆ ರಾಯಚೂರಿನಲ್ಲಿ ಪುಸ್ತಕ ಅಚ್ಚಾಯಿತು, ದೊರೆ ಪಟ್ಟ ಬಿಡುವ ಅಧ್ಯಾಯದೊಂದಿಗೆ. ಗದ್ವಾಲಿನಲ್ಲಿ ನಾಲ್ಕು ಜನ ಸೇರಿ ಹಾರ ಹಾಕಿದರು. ಮುಂದೆ ನಿಂತಿದ್ದ ವಕೀಲರು ನನ್ನ ಕೈ ಹಿಡಿದುಕೊಂಡರು.

"ಭಾಳ ಧೈರ್ಯ ನಿಮ್ದು. ನಿಜಾಮ್ರನ್ನ ಅವಾಗೇ ತಖ್ತಿನಿಂದ ಇಳಿಸಿಬಿಟ್ಟಿದ್ರಿ!"

"ಅಲ್ರೀ, ಅಂವ ರೋಮಿನವ."

"ಗೊತ್ತೈತಿ ಬಿಡ್ರಿ," ಅಂದು ಕಣ್ಣು ಮಿಟುಕಿಸಿದರು.

ಅದು ರೋಮಿನ ಕಥೆಯೆಂದು ಅಮೀನರೂ ನಂಬಲಿಲ್ಲ, ಇವರೂ ನಂಬಲಿಲ್ಲ. ಕೆಲವು ದಿನ ಸಿಕ್ಕಸಿಕ್ಕವರಿಗೆಲ್ಲ ತಿಳಿಸಿ ಹೇಳಿ ನೋಡಿದೆ. ಆಮೇಲೆ ಯಾರು ಏನೇ ಅಂದರೂ "ಹೌದ್ರಿ" ಅಂದು ಮನೆಗೆ ನಡೆಯುತ್ತಿದ್ದೆ.