ಲಿಂಗರಾಜ ಹೊರಿಸಿದ ಹರಕೆ

ಲಿಂಗರಾಜನ ಮೂಗು ಮುರಿದದ್ದು ಹೊಸ ವಿಡಿಯೊ ಗೇಮುಗಳನ್ನು ತೋರಿಸುವ ವಿದೇಶದ ಆ ದೊಡ್ಡ ಮೇಳ ಶುರುವಾಗುವ ಮೊದಲೇ. ಸೂರತ್ತಿನ ವರಾಛಾದಲ್ಲಿ ಅವನ ಗೇಮ್ ಪಾರ್ಲರಿನ ಮೇಲಿನ ಮನೆ ನಮ್ಮದು. ಮಗುವಿಗೆ ರಾಗಿಸರಿ ತಿನ್ನಿಸುತ್ತಿದ್ದೆ. ಕೆಳಗೆ ಗಾಜು ಒಡೆದ ಸದ್ದಿಗೆ ಚಮಚ ಕೈಜಾರಿತು.

ಲಿಂಗರಾಜ ಗದಗಿನವನು. ರೈಲ್ವೆ ಗಾರ್ಡ್ ಆಗಿದ್ದ ಅಪ್ಪನ ಜೊತೆ ಚಿಕ್ಕವನಿದ್ದಾಗ ಬಂದು ಇಲ್ಲೇ ಬೆಳೆದ. ಪಾರ್ಲರಿಗೆ ಬರುವವರೆಲ್ಲ ವಜ್ರಕ್ಕೆ ಸಾಣೆ ಹಿಡಿಯುವವರು. ಹಗಲೆಲ್ಲ ಉಸಿರು ಬಿಗಿಹಿಡಿದು ಕೂತವರು ಸಂಜೆ ಇಲ್ಲಿ ಪರದೆಯ ಮೇಲೆ ತಲೆ ಕಡಿಯುತ್ತಿದ್ದರು. ಆ ಕತ್ತಿಕಾಳಗದ ಆಟದ ಎರಡನೇ ಭಾಗಕ್ಕಾಗಿ ಅವರೂ, ಜೊತೆಗೆ ಆಡುತ್ತಿದ್ದ ಲಿಂಗರಾಜನೂ ವರ್ಷಗಟ್ಟಲೆ ಕಾದಿದ್ದರು. ಪ್ರತಿ ಸಲವೂ ಆಟ ತಯಾರಿಸುವ ಕಂಪನಿಯದು ಒಂದೇ ಮಾತು: ಮುಂದಿನ ಮೇಳದಲ್ಲಿ.

ಎಲ್ಲರ ಬಾಯಲ್ಲೂ ಮಾವಾ. ಅಡಿಕೆ, ತಂಬಾಕು, ಸುಣ್ಣ ಉಜ್ಜಿದ ಕೈಯಲ್ಲೇ ಕಂಟ್ರೋಲರ್ ಹಿಡಿದು ಬಟನ್ನುಗಳೆಲ್ಲ ಅಂಟುತ್ತಿದ್ದವು. ಇಲ್ಲಿಯವರು ಏನಾದರೂ ಈಡೇರಲೆಂದು ಇಷ್ಟದ ತಿನಿಸು ಬಿಟ್ಟು ಹರಕೆ ಹೊರುತ್ತಾರೆ. ಲಿಂಗರಾಜ ಅದನ್ನೇ ಹಿಡಿದ. ಮೇಳದಲ್ಲಿ ಎರಡನೇ ಭಾಗದ ಟ್ರೇಲರ್ ಬರುವ ತನಕ ಮಾವಾ ಮುಟ್ಟುವುದಿಲ್ಲವೆಂದು, ಅವನ ಮಾತಿಗೆ ಎಲ್ಲರೂ ಪಾರ್ಲರಿನ ಮೂಲೆಯ ತಗ್ಗು ಗೂಡಿನಲ್ಲಿದ್ದ ಖೋಡಿಯಾರ್ ಮಾತೆಯ ಪಟದೆದುರು ಮಾವಾ ಪೊಟ್ಟಣಗಳನ್ನಿಟ್ಟು ಕೈಮುಗಿದರು.

"ದೇವಿ ಹೆಸರ ಹೇಳಿದ್ರ ಯಾರ ತಪ್ಪತಾರ್ರೀ ಅಕ್ಕಾರ? ನನ್ನ ಬಟನ್ನೂ ಉಳದ್ವು" ಎಂದು ಲಿಂಗರಾಜ ನನ್ನೆದುರು ನಕ್ಕ.

ತಂಬಾಕು ಬಿಟ್ಟ ಮೈಗೆ ಏನಾಗುತ್ತದೆಂದು ಅವನು ಯೋಚಿಸಿರಲಿಲ್ಲ. ಆಟದ ಸರದಿಗಾಗಿ ಒಬ್ಬ ಇನ್ನೊಬ್ಬನ ಕಿವಿ ಕಚ್ಚಿ ಹರಿದ. ಮರುದಿನ ಸ್ಟೂಲು ಹಾರಿ ಒಬ್ಬನ ಹಲ್ಲು ಉದುರಿತು. ನಾನು ಮಗುವನ್ನೆತ್ತಿಕೊಂಡು ಹಿಂದಿನ ಮೆಟ್ಟಿಲಿನಿಂದ ಓಡಾಡತೊಡಗಿದೆ.

"ಆ ಹರಕೆ ಬಿಡಿಸಿಬಿಡಿ ಲಿಂಗರಾಜ. ಯಾರಾದ್ರೂ ಸಾಯ್ತಾರೆ."

"ಮೇಳ ಬಂತಲ್ರೀ, ತಡೀರಿ."

ಆ ಸಂಜೆ ಎಲ್ಲರ ಫೋನಿಗೂ ಸುದ್ದಿ ಬಂತು. ಈ ವರ್ಷದ ಮೇಳಕ್ಕೆ ಕಂಪನಿ ಬರುವುದೇ ಇಲ್ಲವಂತೆ.

ಗಾಜಿನ ಸದ್ದಿಗೆ ನಾನು ಇಳಿದು ನೋಡುವಷ್ಟರಲ್ಲಿ ಕುರ್ಚಿಯ ಏಟಿಗೆ ಟಿವಿ ಪುಡಿಯಾಗಿತ್ತು. ಅಡ್ಡ ಬಂದ ಲಿಂಗರಾಜನ ಮುಖಕ್ಕೂ ಅದೇ ಕುರ್ಚಿ ಬಿದ್ದು ಮೂಗು ಮುರಿದಿತ್ತು. ಅವನ ಮೊದಲ ಗಿರಾಕಿ ಘನಶ್ಯಾಮನೇ ಅವನೆದೆಯ ಮೇಲೆ ಮಂಡಿಯೂರಿ ಕಂಟ್ರೋಲರಿನ ವೈರನ್ನು ಕುತ್ತಿಗೆಗೆ ಬಿಗಿಯುತ್ತಿದ್ದ. ಉಳಿದವರು ಪಕ್ಕೆಗೆ ಒದೆಯುತ್ತಿದ್ದರು.

"ನೀನೇ ಆಣೆ ಹಾಕಿಸಿದೆ ಲಿಂಗಾಭಾಯ್. ಇನ್ನು ಸಾಯೋ ತನಕ ಮಾವಾ ಇಲ್ದೆ ಇರ್ಬೇಕಾ ನಾನು?" ಘನಶ್ಯಾಮ ಬಿಗಿಯುತ್ತಲೇ ಅಳುತ್ತಿದ್ದ.

ನಾನು ಕಿರುಚಿದೆ. ಯಾರೂ ತಿರುಗಲಿಲ್ಲ. ಲಿಂಗರಾಜನ ಮುಖ ಕಪ್ಪಿಡುತ್ತಿತ್ತು. ಅವನ ಕಾಲು ಪಟದ ಗೂಡಿಗೆ ತಾಗಿ ಪೊಟ್ಟಣಗಳು ಉರುಳಿದವು. ಒಂದನ್ನು ತಡಕಿ ಹಿಡಿದು, ರಕ್ತದ ಬೆರಳುಗಳಿಂದಲೇ ಹರಿದು, ಒಣಗಿದ್ದ ಮಾವಾವನ್ನು ಘನಶ್ಯಾಮನ ಬಾಯಿಗೆ ತುರುಕಿದ.

"ಖಾ ಲೇ. ಪಾಪ್ ಮೇರಾ" ಎಂದ, ತಿನ್ನು, ಪಾಪ ನನಗಿರಲಿ ಎಂದು. ದನಿಯೇ ಇರಲಿಲ್ಲ, ತುಟಿ ಆಡಿದ್ದಷ್ಟೇ ಕಂಡಿತು.

ಘನಶ್ಯಾಮ ಅಗಿದ. ವೈರು ಸಡಿಲವಾಯಿತು. ಒದೆಯುತ್ತಿದ್ದವರು ಒಬ್ಬೊಬ್ಬರಾಗಿ ಅಂಗೈ ಚಾಚಿದರು. ಲಿಂಗರಾಜ ಬಿದ್ದಲ್ಲಿಂದಲೇ ಎಲ್ಲರಿಗೂ ಹಂಚಿದ.

ಆಸ್ಪತ್ರೆಗೆ ಒಯ್ದವನೂ ಘನಶ್ಯಾಮನೇ. ಮೆಟ್ಟಿಲಿನಿಂದ ಬಿದ್ದೆ ಎಂದು ಲಿಂಗರಾಜ ಡಾಕ್ಟರಿಗೆ ಹೇಳಿದನಂತೆ.

ನಾನಂತೂ ಊರಿನ ಇನ್ನೊಂದು ಬದಿಯ ಅಡಾಜಣ್‌ನಲ್ಲಿ ಮನೆ ನೋಡಿ ಎಂದು ಗಂಡನ ಹಿಂದೆ ಬಿದ್ದಿದ್ದೇನೆ. ಕೆಳಗೆ ಬಟನ್ನುಗಳು ಮತ್ತೆ ಅಂಟುತ್ತಿವೆ. ಲಿಂಗರಾಜ ಒದ್ದೆ ಬಟ್ಟೆಯಿಂದ ಒರೆಸಿ ಅವರ ಕೈಗೆ ಕೊಡುತ್ತಾನೆ. ತಾನು ಮಾತ್ರ ಆಡುವುದಿಲ್ಲ. ಅವರೆಲ್ಲರ ಹರಕೆ ಮುರಿಸಿದ ಪಾಪಕ್ಕೆ, ಎರಡನೇ ಭಾಗ ಬರುವ ತನಕ, ತಾನು ಆಟ ಬಿಟ್ಟಿದ್ದಾನೆ.